ಪಾಸು-ನಾಪಾಸಿನ ಪೂರ್ವಕಥೆ

ಪ್ರಾಥಮಿಕ ಶಾಲೆಯ ಯೋಗ್ಯತೆಯನ್ನು ಅಳೆಯಬೇಕಾದಾಗ ನಮ್ಮ ಜನರು ಕೇಳುವ ಮೊದಲ ಪ್ರಶ್ನೆ ಒಂದೇ: 'ಎಷ್ಟು ಮಂದಿ ಪಾಸಾದರು?' ಗಡಹಿಂಗ್ಲಜದ ಕಡೆಯ ಹಳ್ಳಿಯಾಗಲಿ, ಇಚಲಕರಂಜಿಯ ಮಗ್ಗದ ಕೇರಿಯಾಗಲಿ, ಹೆದ್ದಾರಿಯ ಮಗ್ಗುಲಿಗೆ ಕಾರಖಾನೆಗಳೆದ್ದು ನಿಂತಿರುವ ಗೋಕುಳ ಶಿರಗಾಂವವಾಗಲಿ, ತಂದೆತಾಯಿಗಳು ಕೇಳುವುದು ಇದನ್ನೇ. ಈ ಪ್ರಶ್ನೆ ಅನಾದಿಯಿಂದ ಬಂದುದೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅದಕ್ಕೆ ನೂರೈವತ್ತು ನೂರೆಪ್ಪತ್ತು ವರ್ಷಗಳಿಗಿಂತ ಹೆಚ್ಚಿನ ವಯಸ್ಸಿಲ್ಲ. ಅದು ಎಲ್ಲಿಂದ ಬಂತು, ಯಾರ ಅನುಕೂಲಕ್ಕಾಗಿ ಬಂತು, ಕನ್ನಡ ಮಗುವಿನ ಪಾಲಿಗೆ ಅದು ಏನಾಯಿತು ಎಂಬುದನ್ನು ಉಪಾಧ್ಯಾಯ ಬಂಧುಗಳ ಮುಂದೆ ಇಡುವ ಉದ್ದೇಶದಿಂದ ಈ ಲೇಖನವನ್ನು ಬರೆದಿದೆ.

ಗಾಂವಟಿ ಸಾಲೆಗಳಲ್ಲಿ ಪರೀಕ್ಷೆ ಇರಲಿಲ್ಲವೆಂದಲ್ಲ, ವರ್ಷಕ್ಕೊಂದರಂತೆ ಏರುವ ತರಗತಿಯೇ ಇರಲಿಲ್ಲ. ಹುಡುಗನು ಮರಳಿನ ಮೇಲೆ ಬೆರಳಾಡಿಸಿ ಓನಾಮ ಕಲಿತು, ತನ್ನ ನಡಿಗೆಯಲ್ಲಿ ತಾನು ಮುಂದೆ ಸಾಗುತ್ತಿದ್ದನು. ಕನ್ನಡ ನಾಡಿನ ಇಂಥ ಸಾಲೆಗಳ ಅತ್ಯಂತ ವಿವರವಾದ ಚಿತ್ರ ನಮಗೆ ದೊರೆಯುವುದು ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು ೧೮೨೩ರಲ್ಲಿ ಮದರಾಸು ಸರಕಾರಕ್ಕೆ ಬರೆದು ಕಳಿಸಿದ ವರದಿಯಿಂದ. ಆ ಜಿಲ್ಲೆಯಲ್ಲಿ ಆಗ ೫೩೩ ಸಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು, ೨೩ ಮರಾಠಿಯವು. ಉಳಿದವು ಸಂಸ್ಕೃತ, ಪಾರಸಿ ಮೊದಲಾದುವುಗಳವು. ಒಟ್ಟು ವಿದ್ಯಾರ್ಥಿಗಳು ೬,೬೪೧. ಅಂದರೆ ಸಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಇಷ್ಟು ಚಿಕ್ಕ ಗುಂಪಿನಲ್ಲಿ ಯಾರಿಗೆ ಏನು ಬರುತ್ತದೆಂದು ತಿಳಿಯಲು ಅಯ್ಯಗಳಿಗೆ ಪ್ರಶ್ನಪತ್ರಿಕೆಯ ಅಗತ್ಯವಿರಲಿಲ್ಲ.

ಅದೇ ವರದಿಯಲ್ಲಿ ಒಂದು ಸ್ವಾರಸ್ಯವಾದ ಸಂಗತಿಯುಂಟು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಹಿಂದೆ ಬಂದಂತೆಲ್ಲ ಏಟು ಏರುತ್ತಿತ್ತು. ಸೊನ್ನೆಯೆಂದರೆ ಅಲ್ಲಿ ಅವಮಾನವಾಗಿರಲಿಲ್ಲ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕು! ಆದರೆ ಹಳೆಯದೆಲ್ಲವೂ ಚೆನ್ನಾಗಿತ್ತೆಂದು ಹೇಳಲು ನಾನು ಸಿದ್ಧನಿಲ್ಲ. ಮಕ್ಕಳು ಆಡುಮಾತಿಗೆ ದೂರವಾದ ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದರೆಂದು ಕ್ಯಾಂಪ್‌ಬೆಲ್ಲನು ಆಕ್ಷೇಪಿಸಿದ್ದಾನೆ. ಆ ಆಕ್ಷೇಪ ನ್ಯಾಯವಾದುದು. ಆ ಸಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದೂ ಸತ್ಯ.

೧೮೫೪ರ ಚಾರ್ಲ್ಸ್ ವುಡ್ ಅವರ ಖಲೀತೆಯ ಫಲವಾಗಿ ೧೮೫೫ರಲ್ಲಿ ಮುಂಬಯಿ ಇಲಾಖೆಯಲ್ಲಿ ಶಿಕ್ಷಣ ಖಾತೆ ಹುಟ್ಟಿತು. ಇಯತ್ತೆಗಳು ಬಂದವು, ಕ್ರಮಿಕ ಪುಸ್ತಕಗಳು ಬಂದವು, ಅವುಗಳೊಂದಿಗೆ ತಪಾಸಣೆಗೆ ಇನ್‌ಸ್ಪೆಕ್ಟರರೂ ಡೆಪ್ಯುಟಿಗಳೂ ಬಂದರು. ಮುಂದೆ ರೈತನ ಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡದ ಪಟ್ಟಿ ಕೂಡಿತು. ಅದರ ಮೂರನೆಯ ಒಂದು ಪಾಲು ಸಾಲೆಗಳಿಗೆಂದು ನಿಗದಿಯಾಯಿತು. ಧಾರವಾಡ ಬೆಳಗಾವಿಗಳ ಸರಕಾರಿ ಸಾಲೆಗಳಲ್ಲಿ ಮರಾಠಿಯೇ ಮೇಲುಗೈಯಾಗಿದ್ದ ಕಾಲವದು. ಡೆಪ್ಯುಟಿ ಚನ್ನಬಸಪ್ಪನವರು (೧೮೩೪-೧೮೮೧) ಕನ್ನಡ ಸಾಲೆಗಳನ್ನು ತೆರೆಯಿಸಿದುದನ್ನೂ, ಅವುಗಳಿಗೆ ಬೇಕಾದ ಮಾಸ್ತರರನ್ನು ಧಾರವಾಡದ ಟ್ರೇನಿಂಗ ಸಾಲೆಯಲ್ಲಿ ಸಿದ್ಧಪಡಿಸಿದುದನ್ನೂ ನಾವೆಲ್ಲ ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಅವರ ಹೆಸರಿನ ಹಿಂದೆ ಬಿಡದೆ ಅಂಟಿಕೊಂಡ 'ಡೆಪ್ಯುಟಿ' ಎಂಬ ಪದವನ್ನು ಯೋಚಿಸಿದವರು ಕಡಿಮೆ. ಅದು ಸಾಲೆಯನ್ನು ತಪಾಸಿಸುವ ಅಧಿಕಾರಿಯ ಹುದ್ದೆ. ಕನ್ನಡವನ್ನು ಬೆಳೆಸಿದ ಕೈಯೂ ಪರೀಕ್ಷೆಯ ದಫ್ತರವನ್ನು ಹಿಡಿದ ಕೈಯೂ ಒಂದೇ ಆಗಿತ್ತು.

ಇದೇ ಹೊತ್ತಿಗೆ ವಿಲಾಯತಿಯಲ್ಲಿ ಒಂದು ಹೊಸ ಕಟ್ಟಳೆ ಹುಟ್ಟಿತು. ೧೮೬೨ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ಪ್ರಾಥಮಿಕ ಶಾಲೆಗಳ ಸಹಾಯಧನವನ್ನು ಮಕ್ಕಳ ಪರೀಕ್ಷೆಗೆ ಕಟ್ಟಿದನು. ಒಂದು ಮಗುವಿನ ಮೇಲೆ ವರ್ಷಕ್ಕೆ ಹನ್ನೆರಡು ಶಿಲಿಂಗು ದೊರೆಯಬಹುದು. ಅದರಲ್ಲಿ ನಾಲ್ಕು ಹಾಜರಿಗೆ, ಎಂಟು ಪರೀಕ್ಷೆಗೆ. ಓದು, ಬರಹ, ಲೆಕ್ಕ ಈ ಮೂರರಲ್ಲಿ ಯಾವುದರಲ್ಲಿ ಮಗು ತಪ್ಪುವುದೋ ಆ ಒಂದೊಂದಕ್ಕೂ ಎರಡು ಶಿಲಿಂಗು ಎಂಟು ಪೆನ್ಸು ಕಡಿತ. 'ಫಲಕ್ಕೆ ತಕ್ಕ ಹಣ' ಎಂದು ಈ ಪದ್ಧತಿಯನ್ನು ಕರೆಯಬಹುದು. ವ್ಯಾಪಾರಿಯ ಕಣ್ಣಿಗೆ ಇದು ಬಹು ಸರಳ, ಬಹು ನ್ಯಾಯ. ಆದರೆ ಮೂವತ್ತೈದು ವರ್ಷ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡರು ಈ ಪದ್ಧತಿಯನ್ನು ತಮ್ಮ ವರದಿಗಳಲ್ಲಿಯೇ ಖಂಡಿಸಿದರು. ನಿಗದಿಯಾದ ಪುಸ್ತಕವನ್ನು ವರ್ಷವಿಡೀ ಬಾಯಿಪಾಠ ಮಾಡಿಸಿದರೆ, ಓದಲು ಬಾರದ ಮಗುವೂ ಇನ್‌ಸ್ಪೆಕ್ಟರನ ಮುಂದೆ ಓದಿ ಪಾಸಾಗಬಹುದೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಈ ಕಟ್ಟಳೆ ಹಡಗನ್ನೇರಿ ಮುಂಬಯಿಗೆ ಬರಲು ತಡವಾಗಲಿಲ್ಲ. ೧೮೬೦ರ ದಶಕದಲ್ಲಿಯೇ ಇಲಾಖೆಯು ಖಾಸಗಿ ಶಾಲೆಗಳಿಗೆ ಕೊಡುವ ಸಹಾಯವನ್ನು ಪರೀಕ್ಷೆಯ ಫಲಕ್ಕೆ ಹೊಂದಿಸಿತು. ಹಾಗಾದಾಗ ಸಾಲೆಯ ಒಳಗೆ ಏನಾಗುವುದೆಂಬುದನ್ನು ಮಾಸ್ತರರಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಮಗು ಪಾಸಾಗುವುದು ಖಂಡಿತವಿದ್ದರೆ ಅದರ ಮೇಲೆ ಹೆಚ್ಚಿನ ಶ್ರಮ ವ್ಯರ್ಥ. ಇನ್ನೊಂದು ಪಾಸಾಗದಿರುವುದು ಖಂಡಿತವಿದ್ದರೆ ಅದರ ಮೇಲೂ ಶ್ರಮ ವ್ಯರ್ಥ. ಗೆರೆಯ ಹತ್ತಿರ ತೂಗಾಡುವ ನಾಲ್ಕಾರು ಮಕ್ಕಳ ಮೇಲೆಯೇ ವರ್ಷದ ಕೊನೆಯ ಬಲವೆಲ್ಲ ಬೀಳುತ್ತದೆ. ಮಾಸ್ತರನು ದುಷ್ಟನೆಂದು ಹೀಗಾಗುವುದಿಲ್ಲ. ಅವನ ರೊಟ್ಟಿಯನ್ನು ಆ ಗೆರೆಗೆ ಕಟ್ಟಿದ್ದರಿಂದ ಹೀಗಾಗುತ್ತದೆ.

೧೮೮೨ರಲ್ಲಿ ಹಂಟರ್ ಆಯೋಗ ಕುಳಿತಾಗ ಅದರ ಮುಂದೆ ಮಹಾತ್ಮಾ ಜೋತಿಬಾ ಫುಲೆಯವರು ಒಂದು ನಿವೇದನೆಯನ್ನು ಸಲ್ಲಿಸಿದರು. ಅದು ಪುಣೆಯಲ್ಲಿ ಬರೆದುದಾದರೂ ಇಲಾಖೆಯ ಕನ್ನಡ ಜಿಲ್ಲೆಗಳಿಗೂ ಅಷ್ಟೇ ಅನ್ವಯಿಸುತ್ತಿತ್ತು. ಕಲಿಕೆಯ ರುಚಿಯೇ ಇನ್ನೂ ಹತ್ತದ ಬಡ ಜನರ ನಡುವೆ 'ಫಲಕ್ಕೆ ತಕ್ಕ ಹಣ'ದ ಪದ್ಧತಿ ನಡೆಯದು. ಇಂಥ ಕೇರಿಗಳಲ್ಲಿ ಸಾಲೆ ತೆರೆದ ಮಾಸ್ತರನ ಹೊಟ್ಟೆ ತುಂಬದು ಎಂಬುದು ಅವರ ವಾದದ ತಾತ್ಪರ್ಯ. ಮಾಸ್ತರನಿಗೆ ತಿಂಗಳಿಗೆ ಹನ್ನೆರಡು ರೂಪಾಯಿಗೆ ಕಡಿಮೆಯಿಲ್ಲದ ಸಂಬಳವಿರಬೇಕೆಂದು ಹೇಳಿ, ಅದರ ಮೇಲೆ, ಪಾಸಾದ ಪ್ರತಿ ವಿದ್ಯಾರ್ಥಿಗೆ ಎರಡರಿಂದ ನಾಲ್ಕು ಆಣೆ ಬಹುಮಾನವನ್ನು ಕೊಡಬಹುದೆಂದು ಅವರು ಸೂಚಿಸಿದರು. ಮೊದಲು ಹೊಟ್ಟೆಗೆ ಭದ್ರತೆ, ಆಮೇಲೆ ಫಲಕ್ಕೆ ಬಹುಮಾನ. ಪರೀಕ್ಷೆಯನ್ನು ಅವರು ಅಲ್ಲಗಳೆಯಲಿಲ್ಲ, ಅದನ್ನು ಅದರ ಜಾಗದಲ್ಲಿ ಕೂರಿಸಿದರು. ಇದಕ್ಕಿಂತ ವಿವೇಕದ ಮಾತನ್ನು ಆ ವರ್ಷದ ಸಾಕ್ಷ್ಯಗಳಲ್ಲಿ ನಾನು ಕಾಣೆ. ಆಯೋಗವು ಮಾತ್ರ ಪ್ರಾಥಮಿಕ ಶಿಕ್ಷಣಕ್ಕೆ ಫಲಾನುಸಾರದ ಸಹಾಯವನ್ನೇ ಶಿಫಾರಸು ಮಾಡಿತು. ವಿಲಾಯತಿಯಲ್ಲಿ ಆ ಪದ್ಧತಿ ೧೮೯೦ರ ದಶಕದಲ್ಲಿ ಕಳಚಿ ಬಿತ್ತು. ನಮ್ಮಲ್ಲಿ ಕರ್ಜನರ ಕಾಲದ ೧೯೦೪ರ ಶಿಕ್ಷಣ ಠರಾವಿನೊಂದಿಗೆ ಅದರ ಅವಸಾನವಾಯಿತು. ಕಟ್ಟಳೆ ಹೋಯಿತು, ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ.

ಅಭ್ಯಾಸ ಉಳಿಯಲು ಇನ್ನೊಂದು ಕಾರಣವೂ ಇತ್ತು: ಮುಲ್ಕಿ ಪರೀಕ್ಷೆ. ಏಳನೆಯ ಇಯತ್ತೆಯ ಕೊನೆಗೆ ಖಾತೆಯೇ ನಡೆಸುತ್ತಿದ್ದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಪ್ರಾಥಮಿಕ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಇಂಗ್ಲೀಷಿನ ಹಂಗಿಲ್ಲದೆ ಕನ್ನಡದಲ್ಲಿ ಮಾತ್ರ ಓದಿದ ರೈತನ ಮಗನಿಗೆ ಸರಕಾರಿ ಸಂಬಳದ ಬಾಗಿಲನ್ನು ತೆರೆದ ಪರೀಕ್ಷೆಯದು. ಆ ಹಿರಿಯರ ಮೋಡಿ ಬರಹ, ತೋಂಡಿ ಲೆಕ್ಕ, ಶುದ್ಧಲೇಖನಗಳ ಹೊಗಳಿಕೆಯನ್ನು ಈಗಲೂ ಹಳ್ಳಿಗಳಲ್ಲಿ ಕೇಳುತ್ತೇವೆ. ಹೊಗಳುವುದು ಸರಿಯೆ. ಆದರೆ ನಾವು ನೋಡುತ್ತಿರುವುದು ಏಳನೆಯ ಮೆಟ್ಟಿಲನ್ನು ಮುಟ್ಟಿದವರನ್ನು ಮಾತ್ರ. ಮೊದಲ ಮೆಟ್ಟಿಲಲ್ಲಿಯೇ ಉಳಿದವರ ಲೆಕ್ಕವೇನು?

ಆ ಲೆಕ್ಕ ಹೊರಗೆ ಬಂದುದು ೧೯೨೯ರಲ್ಲಿ. ಅದಕ್ಕೆ ಮೊದಲು ಕೊಲ್ಹಾಪುರದ ಒಂದು ದೊಡ್ಡ ಹೆಜ್ಜೆಯನ್ನು ಹೇಳಬೇಕು. ಶಾಹೂ ಮಹಾರಾಜರು ೧೯೧೭ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿ ಕಾಯಿದೆ ಹೊರಡಿಸಿದರು. ಮಗುವನ್ನು ಸಾಲೆಗೆ ಕಳಿಸದ ತಂದೆತಾಯಿಗಳಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಬ್ರಿಟಿಷ್ ಮುಂಬಯಿಯಲ್ಲಿ ವಿಠ್ಠಲಭಾಯಿ ಪಟೇಲರ ಕಾಯಿದೆ ೧೯೧೮ರಲ್ಲಿ ಬಂತು, ಅದೂ ನಗರಸಭೆಗಳ ಮಟ್ಟಿಗೆ. ಅಂದಿನ ಕೊಲ್ಹಾಪುರ ಸಂಸ್ಥಾನದಲ್ಲಿ ರಾಯಬಾಗ, ಕಟಕೋಳದಂಥ ಅಚ್ಚಗನ್ನಡ ಪ್ರದೇಶಗಳೂ ಇದ್ದವು; ೧೯೪೯ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿದಾಗ ಅವು ಬೆಳಗಾವಿ ಜಿಲ್ಲೆಗೆ ಹೋದವು. ೧೯೫೬ರಲ್ಲಿ ಚಂದಗಡ ತಾಲೂಕು ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಬಂತು. ಗಡಿಗೆರೆ ಹೀಗೆ ಅತ್ತಿತ್ತ ಸರಿದರೂ, ಮನೆಯಲ್ಲಿ ಅಕ್ಷರವನ್ನೇ ಕಾಣದ ಮಕ್ಕಳು ಸಾಲೆಯ ಜಗಲಿಗೆ ಬಂದು ಕುಳಿತುದು ನಿಜವಾದ ಬದಲಾವಣೆ.

ಬಂದು ಕುಳಿತವರೇನಾದರು? ಹಾರ್ಟೋಗ್ ಸಮಿತಿಯು ೧೯೨೯ರಲ್ಲಿ ಇಡೀ ಬ್ರಿಟಿಷ್ ಭಾರತದ ಅಂಕಿಗಳನ್ನು ಕೂಡಿಸಿ ನೋಡಿತು. ೧೯೨೨-೨೩ರಲ್ಲಿ ಒಂದನೆಯ ತರಗತಿಯಲ್ಲಿದ್ದ ನೂರು ಮಕ್ಕಳಿಗೆ ಎದುರಾಗಿ ೧೯೨೫-೨೬ರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದವರು ಹದಿನೆಂಟು ಮಾತ್ರ. ಉಳಿದ ಎಂಬತ್ತೆರಡು ಮಕ್ಕಳಲ್ಲಿ ಕೆಲವರು ಸಾಲೆ ಬಿಟ್ಟರು, ಕೆಲವರು ನಾಪಾಸಾಗಿ ಅದೇ ಪಾಟಿಯ ಮುಂದೆ ಮತ್ತೆ ಮತ್ತೆ ಕುಳಿತರು. ಸಮಿತಿಯು ಇವಕ್ಕೆ 'ಅಪವ್ಯಯ', 'ಸ್ಥಗಿತತೆ' ಎಂಬ ಹೆಸರುಗಳನ್ನಿತ್ತಿತು. ಆ ಪದಗಳಲ್ಲಿಯೇ ಒಂದು ಕುಂದಿದೆ. ಅಪವ್ಯಯವಾದುದು ಸರಕಾರದ ಹಣವೆಂಬ ಧ್ವನಿ ಅಲ್ಲಿದೆಯೇ ಹೊರತು, ಮಗುವಿನ ಬಾಲ್ಯವೆಂಬ ಧ್ವನಿ ಇಲ್ಲ.

ಇನ್ನು ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಅಧ್ಯಾಯಕ್ಕೆ ಬರುತ್ತೇನೆ. ಪ್ರಮಾಣೀಕೃತ ಪರೀಕ್ಷೆ, ಅಂದರೆ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಗಳನ್ನು ಒಂದೇ ರೀತಿಯಲ್ಲಿ ಕೇಳಿ, ವಯಸ್ಸಿಗೆ ತಕ್ಕ ಮಾನದೊಡನೆ ಹೋಲಿಸುವ ಪರೀಕ್ಷೆ, ಕನ್ನಡಕ್ಕೆ ಬಂದುದು ೧೯೩೦ರ ದಶಕದಲ್ಲಿ. ಅದರ ಮೂಲ ಪ್ಯಾರಿಸ್ಸಿನದು. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ನೆರವು ನೀಡುವುದಕ್ಕಾಗಿ ಆಲ್ಫ್ರೆಡ್ ಬಿನೆ ಎಂಬ ಪಂಡಿತರು ೧೯೦೫ರಲ್ಲಿ ತಮ್ಮ ಸಹಾಯಕ ಸಿಮೋನರೊಡನೆ ಇದನ್ನು ರಚಿಸಿದರು. ಅಮೇರಿಕೆಯ ಟರ್ಮನ್ನರು ೧೯೧೬ರಲ್ಲಿ ಅದನ್ನು ತಿದ್ದಿ ಬೆಳೆಸಿದರು. ಈ ತಿದ್ದಿದ ಮಾಪನವನ್ನು ಧಾರವಾಡದ ವಿ. ವಿ. ಕಾಮತರು ಕನ್ನಡ-ಮರಾಠಿ ಮಕ್ಕಳಿಗೆ ಹೊಂದಿಸಿದರು. ೧೯೩೪ರಲ್ಲಿ ಅವರ ಪ್ರಬಂಧ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ೧೯೪೦ರಲ್ಲಿ ಗ್ರಂಥವೂ ಹೊರಬಂತು. 'ಮುಂಬಯಿ-ಕರ್ನಾಟಕ ಪರಿಷ್ಕರಣ'ವೆಂದು ಶಿಕ್ಷಣ ಶಾಸ್ತ್ರಜ್ಞರು ಅದನ್ನು ಇಂದಿಗೂ ಹೆಸರಿಸುತ್ತಾರೆ. ಲಾಹೋರಿನ ರೈಸ್ ಎಂಬವರು ಹಿಂದೂಸ್ತಾನಿಯಲ್ಲಿ ಮಾಡಿದ ಇಂಥ ಕೆಲಸ ಮಾತ್ರ ಇದಕ್ಕಿಂತ ಮೊದಲಿನದೆಂದು ಎಣಿಕೆಗೆ ಬರುತ್ತದೆ. ಭಾರತದಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದ ಭಾಷೆಗಳಲ್ಲಿ ಕನ್ನಡವೂ ಒಂದೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಒಂದು ಪರೀಕ್ಷೆಯನ್ನು ಇನ್ನೊಂದು ಭಾಷೆಗೆ ತರುವುದೆಂದರೆ ಶಬ್ದಕ್ಕೆ ಶಬ್ದವನ್ನಿಡುವ ಕೆಲಸವಲ್ಲ. ಟರ್ಮನ್ನರ ಮಾಪನದಲ್ಲಿ ಒಂಬತ್ತು ವರ್ಷದ ಮಗುವಿಗೆ ಪ್ರಾಸಪದಗಳನ್ನು ಹೇಳೆಂಬ ಪ್ರಶ್ನೆಯಿದೆ. ಇಂಗ್ಲೀಷಿನ ಪ್ರಾಸ ಶಬ್ದದ ಕೊನೆಗೆ ಕೂಡುತ್ತದೆ. ಹಳಗನ್ನಡದ ಕಿವಿಗೆ ಪ್ರಾಸವೆಂದರೆ ಸಾಲಿನ ಎರಡನೆಯ ಅಕ್ಷರ! ಅದೇ ವಯಸ್ಸಿಗೆ ಚಿಲ್ಲರೆ ಎಣಿಸುವ ಪ್ರಶ್ನೆಯಿದೆ. ಅದು ನೂರು ಸೆಂಟಿನ ಡಾಲರಿನ ಲೆಕ್ಕ. ಕಾಮತರ ಕಾಲದ ಹುಡುಗನ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ.

ಇವು ಕಣ್ಣಿಗೆ ಕಾಣುವ ತೊಡಕುಗಳು. ಕಾಣದವು ಇನ್ನೂ ಬೇರೆ. ಅಂಕಿಗಳನ್ನು ಕೇಳಿ ಮರಳಿ ಹೇಳುವ ಪ್ರಶ್ನೆಯನ್ನು ನೋಡಿರಿ. ಮೂರು ವರ್ಷದ ಕೂಸು ಮೂರು ಅಂಕಿ, ನಾಲ್ಕರದು ನಾಲ್ಕು, ಏಳು ವರ್ಷದ್ದು ಐದು ಅಂಕಿ ಹೇಳಬೇಕೆಂದು ಟರ್ಮನ್ನರ ಮಾನ. ಭಾಷೆ ಯಾವುದಾದರೇನು, ಅಂಕಿ ಅಂಕಿಯೇ ಎಂದು ತೋರುತ್ತದೆ. ೩, ೧, ೭, ೫, ೯ ಎಂಬ ಐದು ಅಂಕಿಗಳನ್ನು ಗಟ್ಟಿಯಾಗಿ ಹೇಳಿ ನೋಡೋಣ. 'ಮೂರು, ಒಂದು, ಏಳು, ಐದು, ಒಂಬತ್ತು': ಹನ್ನೊಂದು ಅಕ್ಷರಗಳ ಉಚ್ಚಾರ. ಮರಾಠಿಯಲ್ಲಿ 'ತೀನ್, ಏಕ್, ಸಾತ್, ಪಾಚ್, ನಊ': ಆರೇ. ಹೇಳಲು ಹೆಚ್ಚು ಹೊತ್ತು ಹಿಡಿಯುವುದು ನೆನಪಿನಲ್ಲಿ ನಿಲ್ಲುವುದೂ ಕಷ್ಟವೆಂಬುದನ್ನು ಮನಶ್ಶಾಸ್ತ್ರಜ್ಞರು ಬಹು ಹಿಂದೆಯೇ ತೋರಿಸಿದ್ದಾರೆ. ವೇಲ್ಸ್ ಪ್ರಾಂತದಲ್ಲಿ ಇದು ಸಾಲೆಯ ಪ್ರಶ್ನೆಯೇ ಆಯಿತು. ಅಲ್ಲಿಯ ವೆಲ್ಷ್ ಭಾಷೆಯ ಮಕ್ಕಳು ಈ ಅಂಕಿಯ ಪರೀಕ್ಷೆಯಲ್ಲಿ ಇಂಗ್ಲೀಷ್ ಮಾನಕ್ಕಿಂತ ಹಿಂದೆ ಬೀಳುತ್ತಿದ್ದರು. ೧೯೮೦ರಲ್ಲಿ ಎಲಿಸ್, ಹೆನ್ನೆಲಿ ಎಂಬ ಇಬ್ಬರು ಸಂಶೋಧಕರು ಎರಡೂ ಭಾಷೆ ಬಲ್ಲವರನ್ನು ಪರೀಕ್ಷಿಸಿ, ಅದೇ ಮನುಷ್ಯನು ಇಂಗ್ಲೀಷಿನಲ್ಲಿ ಹೆಚ್ಚು ಅಂಕಿಗಳನ್ನು ನೆನಪಿಡುವುದನ್ನೂ, ವೆಲ್ಷ್ ಅಂಕಿಗಳ ಉಚ್ಚಾರ ದೀರ್ಘವಾಗಿರುವುದೇ ಅದಕ್ಕೆ ಕಾರಣವೆಂಬುದನ್ನೂ ಸಿದ್ಧಪಡಿಸಿದರು. ಬುದ್ಧಿಯ ಕೊರತೆಯೆಂದು ಬರೆದಿಟ್ಟುದು ನಾಲಗೆಯ ಮೇಲಿನ ಕ್ಷಣಗಳ ಲೆಕ್ಕವಾಗಿತ್ತು.

ಹಾಗೆಂದು ಎಲ್ಲ ಅನಾನುಕೂಲವೂ ಕನ್ನಡಕ್ಕೇ ಇಲ್ಲ. ಹತ್ತರಾಚೆ ದಾಟಿದೊಡನೆ ತಕ್ಕಡಿ ನಮ್ಮ ಕಡೆಗೆ ವಾಲುತ್ತದೆ. 'ಐವತ್ತೊಂಬತ್ತು' ಎಂದಾಗ ಐವತ್ತೂ ಒಂಬತ್ತೂ ಕಿವಿಗೆ ಬೀಳುತ್ತವೆ. ಬರೆಯುವ ಕ್ರಮವೂ ಅದೇ. ಮರಾಠಿಯ ಹುಡುಗನು 'ಏಕೋಣಸಾಠ', ಅರುವತ್ತಕ್ಕೆ ಒಂದು ಕಡಿಮೆ, ಎಂಬುದನ್ನು ಕೇಳಿ ೫೯ ಎಂದು ಬರೆಯಬೇಕು. ೨೦೧೯ರಲ್ಲಿ ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ 'ಏಕವೀಸ'ದ ಬದಲು 'ವೀಸ ಏಕ' ಎಂಬ ರೀತಿಯನ್ನು ತಂದಾಗ ದೊಡ್ಡ ವಾದವೇ ಎದ್ದಿತು. ಗಣಿತಜ್ಞೆ ಮಂಗಲಾ ನಾರಳೀಕರರು ಆ ಬದಲಾವಣೆಯನ್ನು ಸಮರ್ಥಿಸಿದರು. ಯಾರ ಪಕ್ಷ ಸರಿಯೆಂಬ ತೀರ್ಪು ಮರಾಠಿಗರದು. ಕನ್ನಡ ಸಾಲೆಯ ಮಗುವಿಗೆ ಆ ಅನುಕೂಲ ತಾಯಿಯ ಮಾತಿನಲ್ಲಿಯೇ ಬಂದಿದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಎಣಿಸುವ ನಮ್ಮ ಗಡಿಯ ಮಗು ಎರಡು ಎಣಿಕೆಗಳನ್ನು ಹೊತ್ತು ತಿರುಗುತ್ತದೆ; ಪ್ರಶ್ನಪತ್ರಿಕೆ ಒಂದನ್ನು ಮಾತ್ರ ಕೇಳುತ್ತದೆ.

ಈ ಭಾಗದ ಶಿಕ್ಷಣದ ಕಥೆಯಲ್ಲಿ ಬಿಡಲಾಗದ ಇನ್ನೊಂದು ಹೆಸರು ಜೆ. ಪಿ. ನಾಯಕರದು (೧೯೦೭-೧೯೮೧). ಆಜರಾ ತಾಲೂಕಿನ ಬಹಿರೇವಾಡಿಯಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆ ಕಂಡು, ೧೯೩೦ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆಗೆ ನಿಂತವರು. ಗಾರಗೋಟಿಯ ಮೌನಿ ವಿದ್ಯಾಪೀಠಕ್ಕೂ ಅವರೇ ಜೀವಾಳ. ಮುಂದೆ ೧೯೬೪ರಿಂದ ೧೯೬೬ರವರೆಗೆ ಕೊಠಾರಿ ಆಯೋಗದ ಸದಸ್ಯ-ಕಾರ್ಯದರ್ಶಿಯಾದರು. ಆ ಆಯೋಗವು ಒಂದನೆಯ, ಎರಡನೆಯ ತರಗತಿಗಳನ್ನು, ಸಾಧ್ಯವಿದ್ದಲ್ಲಿ ನಾಲ್ಕರವರೆಗೂ, ಒಂದೇ ಘಟಕವೆಂದು ಎಣಿಸಿ, ಮಗು ತನ್ನ ನಡಿಗೆಯಲ್ಲಿ ನಡೆಯಲಿ ಎಂದಿತು. ಹಳ್ಳಿಯ ಸಾಲೆಯಲ್ಲಿ ಒಂದನೆಯ ಇಯತ್ತೆಯ ಮೂಲೆಯನ್ನು ಕಣ್ಣಾರೆ ಕಂಡವರೊಬ್ಬರು ಆ ಆಯೋಗದಲ್ಲಿದ್ದರೆಂಬುದು ಈ ಮಾತನ್ನು ಓದುವಾಗ ನನಗೆ ನೆನಪಾಗುತ್ತದೆ.

ಆಮೇಲಿನದು ಎಲ್ಲರೂ ಬಲ್ಲ ಕಥೆ. ಸಂಕ್ಷೇಪವಾಗಿ ಹೇಳಿದರೆ ಸಾಕು. ಶಿಕ್ಷಣದ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ಒಂದರಂದು ಜಾರಿಗೆ ಬಂದು ಎಂಟನೆಯವರೆಗೆ ನಾಪಾಸನ್ನು ನಿಷೇಧಿಸಿತು. ೨೦೧೫ರಲ್ಲಿ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ'ದ ಯೋಜನೆ ಬಂದು, ಭಾಷೆ-ಗಣಿತಗಳ ಪಾಯಾಭೂತ ಚಾಚಣಿಗಳು ರಾಜ್ಯದ ಸಾಲೆಗಳನ್ನೆಲ್ಲ ಒಂದೇ ಅಳತೆಗೋಲಿಗೆ ತಂದವು. ೨೦೧೯ರಲ್ಲಿ ಕೇಂದ್ರದ ಕಾಯಿದೆ ತಿದ್ದುಪಡಿಯಾಯಿತು; ೨೦೨೩ರಲ್ಲಿ ಮಹಾರಾಷ್ಟ್ರವು ಐದನೆಯ ಮತ್ತು ಎಂಟನೆಯ ಇಯತ್ತೆಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿತು. ಶಿಷ್ಯವೃತ್ತಿ ಪರೀಕ್ಷೆ ಬಹು ಕಾಲ ನಾಲ್ಕನೆಯ, ಏಳನೆಯ ಇಯತ್ತೆಗಳಿಗಿದ್ದು, ೨೦೧೭ರಲ್ಲಿ ಐದು, ಎಂಟಕ್ಕೆ ಸರಿಯಿತು. ಅದರ ಮಾಧ್ಯಮಗಳಲ್ಲಿ ಮರಾಠಿ, ಉರ್ದು ಮೊದಲಾದುವುಗಳೊಡನೆ ಕನ್ನಡಕ್ಕೂ ಸ್ಥಾನವಿರುವುದು ಸಮಾಧಾನದ ವಿಷಯ. ೧೯೬೭ರಲ್ಲಿ ಸ್ಥಾಪನೆಯಾದ ಬಾಲಭಾರತಿಯು ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚಿಡುತ್ತ ಬಂದಿರುವುದೂ ಹಾಗೆಯೇ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿನಂತಿ. ಹಳೆಯ ಸಾಲೆಗಳಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆದಿಟ್ಟ ಶೇರೆ ಪುಸ್ತಕಗಳೂ, ಇಯತ್ತೆವಾರು ಫಲಿತಾಂಶದ ಪಟ್ಟಿಗಳೂ ಕಪಾಟಿನ ತಳದಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಸಂಸ್ಥಾನದ ಕಾಲದ ಕಾಗದಗಳಾದರೆ ಮೋಡಿ ಲಿಪಿಯಲ್ಲಿರುವ ಸಂಭವವುಂಟು. ಅದನ್ನು ಓದಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಒಂದನೆಯ ಇಯತ್ತೆಯಲ್ಲಿ ಹೆಸರು ಹಚ್ಚಿದವರೆಷ್ಟು, ಅವರಲ್ಲಿ ನಾಲ್ಕನೆಯದಕ್ಕೆ ತಲುಪಿದವರೆಷ್ಟು, ಹುಡುಗಿಯರೆಷ್ಟು ಎಂಬುದನ್ನು ಹತ್ತು ವರ್ಷಗಳ ಮಟ್ಟಿಗಾದರೂ ತಮ್ಮ ತಮ್ಮ ಸಾಲೆಯ ಪಟ್ಟಿಯಿಂದ ನಕಲು ಮಾಡಿ, ಮಕ್ಕಳ ಹೆಸರುಗಳನ್ನು ಬಿಟ್ಟು, ಪತ್ರಿಕೆಗೆ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಪ್ರಕಟಿಸಬಹುದು. ಮೋಡಿಯ ಪುಟಗಳಿದ್ದರೆ ಅಕ್ಷರ ಕಾಣುವಂತೆ ಛಾಯಾಚಿತ್ರ ತೆಗೆದು ಕಳಿಸಿರಿ.